‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕುವ ಮೊದಲು
ಅಂಡಾಶಯದ ಕ್ಯಾನ್ಸರ್: ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೆಂಗಸರು ತಿಳಿದಿರಬೇಕಾದ ಎಂಟು ಹೆಜ್ಜೆ

ಅಕ್ಟೋಬರ್ ಬಂತೆಂದರೆ ಗುಲಾಬಿ ರಿಬ್ಬನ್ನಿನ ಕಾಲ. ಜಾಥಾ, ಶಿಬಿರ, ಭಾಷಣ, ಬ್ಯಾನರ್‌ಗಳಲ್ಲಿ ಸ್ತನ ಕ್ಯಾನ್ಸರಿನ ಮಾತು ಕೇಳಿಬರುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ಲಸಿಕೆಯ ಚರ್ಚೆಯಾದರೂ ಇದೆ. ಬಾಯಿ ಕ್ಯಾನ್ಸರಿನ ಎಚ್ಚರಿಕೆಯಂತೂ ತಂಬಾಕಿನ ಪೊಟ್ಟಣದ ಮೇಲೆಯೂ ಸಿನಿಮಾ ಪರದೆಯ ಮೇಲೆಯೂ ಬಂದಾಗಿದೆ. ಇದೆಲ್ಲ ಆಗಬೇಕಾದದ್ದೇ. ಆದರೆ ಮೇ 8 ವಿಶ್ವ ಅಂಡಾಶಯ ಕ್ಯಾನ್ಸರ್ ದಿನ, 2013ರಿಂದ ನಡೆದುಬಂದಿದೆ ಎನ್ನುವುದು ಎಷ್ಟು ಜನರಿಗೆ ಗೊತ್ತು? ಸೆಪ್ಟೆಂಬರ್ ಇಡೀ ತಿಂಗಳು ಇದೇ ಕಾಯಿಲೆಯ ಅರಿವಿಗೆ ಮೀಸಲು ಎಂದು ಯಾವ ಮೈಕಿನಲ್ಲಿ ಕೇಳಿದ್ದೇವೆ?

ಹಾಗೆಂದು ಇದು ಅಪರೂಪದ ಕಾಯಿಲೆಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ 2022ರ ಅಂದಾಜಿನಂತೆ ಭಾರತದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಬಿಟ್ಟರೆ ಮೂರನೆಯ ಸ್ಥಾನ ಇದರದ್ದೇ. ಆ ವರ್ಷ ಸುಮಾರು 47 ಸಾವಿರ ಹೊಸ ರೋಗಿಗಳು, ಸುಮಾರು 33 ಸಾವಿರ ಸಾವು. ಸ್ತನ ಕ್ಯಾನ್ಸರಿನಲ್ಲಿ ಹೊಸ ರೋಗಿಗಳು 1.92 ಲಕ್ಷ, ಸಾವು 98 ಸಾವಿರ. ಸ್ತನ ಕ್ಯಾನ್ಸರಿನಲ್ಲಿ ಹೊಸ ರೋಗಿಗಳ ಸಂಖ್ಯೆಯ ಅರ್ಧದಷ್ಟು ಸಾವು, ಅಂಡಾಶಯದ ಕ್ಯಾನ್ಸರಿನಲ್ಲಿ ಹತ್ತಕ್ಕೆ ಏಳು.

ಇಷ್ಟಾಗಿಯೂ ಇದರ ಸುದ್ದಿ ಯಾಕಿಲ್ಲ? ಒಂದು ಕಾರಣ ನ್ಯಾಯವಾದದ್ದೇ. 30 ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಮೂರೇ ಇವೆ. ಆರೋಗ್ಯವಾಗಿರುವ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಂಡಾಶಯದ ಕ್ಯಾನ್ಸರ್ ಹುಡುಕುವ ಪರೀಕ್ಷೆ ಇನ್ನೂ ಸಿಕ್ಕಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಪ್ರಯೋಗ ವರ್ಷಗಟ್ಟಲೆ ನಡೆಯಿತು. ಅದರಿಂದ ಸಾವು ಕಡಿಮೆಯಾಗಲಿಲ್ಲ ಎಂಬ ಫಲಿತಾಂಶ 2021ರಲ್ಲಿ ಬಂತು. ಶಿಬಿರದಲ್ಲಿ ಮಾಡಿಸುವ ಪರೀಕ್ಷೆಯೇ ಇಲ್ಲವೆಂದ ಮೇಲೆ ಶಿಬಿರವೂ ಇಲ್ಲ, ಶಿಬಿರವಿಲ್ಲದೆ ಮಾತೂ ಇಲ್ಲ. ಎಡವಿದ್ದು ಇಲ್ಲೇ. ಪರೀಕ್ಷೆ ಇಲ್ಲದ ಕಾಯಿಲೆಯಲ್ಲಿ ನಮಗೆ ಉಳಿಯುವುದು ಲಕ್ಷಣದ ತಿಳಿವಳಿಕೆಯೊಂದೇ. ಉಳಿದ ಕ್ಯಾನ್ಸರುಗಳಿಗಿಂತ ಇದರ ಬಗ್ಗೆ ಹೆಚ್ಚೇ ಮಾತಾಡಬೇಕಿತ್ತು.

ಆ ತಿಳಿವಳಿಕೆಯನ್ನು ಕೆಲಸಕ್ಕೆ ಹಚ್ಚುವ ಬಗೆ ಹೀಗೆ.

ಹೆಜ್ಜೆ 1: ‘ನಂದು ತೆಗೆಸಿ ಆಗಿದೆ’ ಎನ್ನುವ ಮೊದಲು ಚೀಟಿ ನೋಡಿ

ಗರ್ಭಕೋಶ ತೆಗೆಸಿದವರಲ್ಲಿ ಅನೇಕರು ಇನ್ನು ತಮಗೆ ಒಳಗಿನ ಯಾವ ಕ್ಯಾನ್ಸರೂ ಬರುವುದಿಲ್ಲವೆಂದು ನಿಶ್ಚಿಂತೆಯಿಂದ ಇರುತ್ತಾರೆ. ಗರ್ಭಕೋಶ ಬೇರೆ, ಅದರ ಎರಡೂ ಬದಿಗೆ ಇರುವ ಅಂಡಾಶಯ ಬೇರೆ. ಆಪರೇಷನ್ನಿನಲ್ಲಿ ಗರ್ಭಕೋಶವನ್ನಷ್ಟೇ ತೆಗೆದು ಅಂಡಾಶಯ ಉಳಿಸುವುದು ಸಾಮಾನ್ಯ. ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ, ಏನೇನು ತೆಗೆದಿದ್ದಾರೆಂದು ಆಶಾ ಕಾರ್ಯಕರ್ತೆಯಿಂದಲೋ ವೈದ್ಯರಿಂದಲೋ ಓದಿಸಿಕೊಳ್ಳಿ. ಪ್ಯಾಪ್ ಸ್ಮಿಯರ್ ಸರಿ ಬಂದಿದೆ, ಎಚ್‌ಪಿವಿ ಲಸಿಕೆ ಹಾಕಿಸಿಯಾಗಿದೆ ಎಂಬ ಧೈರ್ಯವೂ ಇಲ್ಲಿ ನಡೆಯದು. ಅವೆರಡೂ ಗರ್ಭಕೊರಳಿನ ಕ್ಯಾನ್ಸರಿಗೆ ಸಂಬಂಧಿಸಿದವು.

ಹೆಜ್ಜೆ 2: ನಾಲ್ಕು ಲಕ್ಷಣ ಬಾಯಿಪಾಠ ಮಾಡಿ

ಹೊಟ್ಟೆ ಉಬ್ಬರ. ಕಿಬ್ಬೊಟ್ಟೆ ಅಥವಾ ಹೊಟ್ಟೆಯಲ್ಲಿ ನೋವು. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು. ಪದೇಪದೇ, ಅವಸರವಾಗಿ ಮೂತ್ರಕ್ಕೆ ಹೋಗಬೇಕೆನಿಸುವುದು.

ನಾಲ್ಕೂ ಯಾರಿಗೂ ಬರುವಂಥವು, ತೊಡಕೂ ಅದೇ. ‘ಉಂಬುಕ್ ಆತಿಲ್ಲೆ, ಹೊಟ್ಟಿ ತುಂಬ್ದಾಂಗ್ ಆತ್ತ್’ ಎಂದರೆ ನಮ್ಮಲ್ಲಿ ಮೊದಲು ಸಿಗುವುದು ಓಮದ ಕಷಾಯ, ಆಮೇಲೆ ಮೆಡಿಕಲ್ ಶಾಪಿನ ಗ್ಯಾಸಿನ ಮಾತ್ರೆ. ಕುಚ್ಚಲಕ್ಕಿ ಗಂಜಿಯೂ ಅರ್ಧಕ್ಕೇ ಸಾಕಾಗತೊಡಗಿದಾಗ ಮನೆಯವರು ಹೇಳುವುದು, ‘ವಯಸ್ಸಾಯ್ತಲ್ಲ.’

ಬಟ್ಟೆ ಉಡುವಾಗ ಒಂದು ಗಮನಿಸಿ. ಲಂಗದ ಲಾಡಿ ಕಟ್ಟುವ ಜಾಗ ದಿನದಿಂದ ದಿನಕ್ಕೆ ಬಿಗಿಯಾಗಿ ಸೊಂಟದಲ್ಲಿ ಗೆರೆ ಬೀಳುತ್ತಿದೆ, ರವಿಕೆಯ ತೋಳು ಮಾತ್ರ ಸಡಿಲವಾಗುತ್ತಿದೆ ಎಂದಾದರೆ ಅದು ದಪ್ಪವಾದದ್ದಲ್ಲ. ಮೈ ಸೊರಗಿ ಹೊಟ್ಟೆಯೊಂದೇ ದೊಡ್ಡದಾಗುತ್ತಿದ್ದರೆ ಒಳಗೆ ನೀರು ತುಂಬಿರಬಹುದು. ಆ ವಾರವೇ ವೈದ್ಯರನ್ನು ಕಾಣಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೂ ಹಾಗೆಯೇ.

ಹೆಜ್ಜೆ 3: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರೇ ಸಾಕು. ಉಬ್ಬರವಾದ ದಿನ ‘ಉ’, ನೋವಿದ್ದ ದಿನ ‘ನೋ’, ಊಟ ಸೇರದ ದಿನ ‘ಊ’, ಮೂತ್ರದ ತೊಂದರೆಗೆ ‘ಮೂ’. ತಜ್ಞರು ನೋಡುವುದು ಎರಡು ವಿಷಯ: ಈ ತೊಂದರೆ ಹೊಸತೇ, ಅಂದರೆ ಒಂದು ವರ್ಷದ ಒಳಗೆ ಶುರುವಾದದ್ದೇ? ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಇದೆಯೇ? ಎರಡಕ್ಕೂ ಹೌದು ಎಂದಾದರೆ ಪರೀಕ್ಷೆ ಬೇಕು. ಎರಡು ಮೂರು ವಾರದಲ್ಲೇ ಗುರುತು ತುಂಬಿಹೋದರೆ ತಿಂಗಳು ಮುಗಿಯಲೆಂದು ಕಾಯಬೇಡಿ. ಜೀವಮಾನದಲ್ಲಿ ಗ್ಯಾಸ್ಟ್ರಿಕ್ ಎನ್ನದವರಿಗೆ 50 ದಾಟಿದ ಮೇಲೆ ಹೊಸದಾಗಿ ಅದು ಶುರುವಾದರೆ ಅಂಡಾಶಯದ ಕಡೆಗೂ ನೋಡಲೇಬೇಕು.

ಹೆಜ್ಜೆ 4: ಎರಡೂ ಕಡೆಯ ಕುಟುಂಬದ ಲೆಕ್ಕ ತೆಗೆಯಿರಿ

ಸುಮಾರು ಐದರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ವಂಶವಾಹಿಯ ಬದಲಾವಣೆಯಿಂದ ಬರುತ್ತದೆ. ಮುಖ್ಯವಾದವು ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2. ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವುದೂ ಇವೇ. ಅಳಿಯಸಂತಾನದ ಕುಟುಂಬಗಳಿರುವ ನಮ್ಮ ಊರುಗಳಲ್ಲಿ ತಾಯಿ, ಅಜ್ಜಿ, ಚಿಕ್ಕಮ್ಮಂದಿರ ಕಾಯಿಲೆ ನೆನಪಿರುತ್ತದೆ, ತಂದೆಯ ಕಡೆಯದು ಮರೆತುಹೋಗುತ್ತದೆ. ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬಂದರೂ ಈ ಜೀನ್ ತಂದೆಯಿಂದಲೂ ಬರಬಲ್ಲದು. ತಂದೆಯ ಅಕ್ಕತಂಗಿಯರು, ತಂದೆಯ ತಾಯಿ ಯಾವುದರಿಂದ ತೀರಿಕೊಂಡರೆಂದು ಕೇಳಿ ಬರೆದಿಡಿ. ‘ಹೊಟ್ಟೆಯಲ್ಲಿ ನೀರು ತುಂಬಿ ಹೋದರು’ ಎಂಬ ಹಳೆಯ ಮಾತೂ ಲೆಕ್ಕಕ್ಕಿರಲಿ, ಅದಕ್ಕೆ ಬೇರೆ ಕಾರಣವೂ ಇದ್ದೀತು ಎಂಬ ಎಚ್ಚರದೊಂದಿಗೆ. ಹತ್ತಿರದ ರಕ್ತಸಂಬಂಧಿಗೆ ಅಂಡಾಶಯದ ಕ್ಯಾನ್ಸರ್ ಅಥವಾ ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿದ್ದರೆ ಜೀನ್ ಪರೀಕ್ಷೆ ಬೇಕೇ ಎಂದು ತಜ್ಞರನ್ನು ಕೇಳಿ. ರೋಗಿಯೇ ಬದುಕಿದ್ದರೆ ಪರೀಕ್ಷೆ ಮೊದಲು ಅವರಿಗೆ.

ಹೆಜ್ಜೆ 5: ವೈದ್ಯರ ಮುಂದೆ ನೇರವಾಗಿ ಕೇಳಿ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಬೈಂದೂರು ಅಥವಾ ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರ, ಕುಂದಾಪುರದ ಸರ್ಕಾರಿ ತಾಲೂಕು ಆಸ್ಪತ್ರೆ, ಅಥವಾ ನಿಮ್ಮ ನಂಬಿಕೆಯ ಖಾಸಗಿ ವೈದ್ಯರು, ಎಲ್ಲಿಂದಲೂ ಶುರುಮಾಡಬಹುದು. ಕ್ಯಾಲೆಂಡರ್ ಹಾಳೆಯ ಫೋಟೊ ಮೊಬೈಲಿನಲ್ಲಿರಲಿ. ‘ಗ್ಯಾಸ್ಟ್ರಿಕ್’ ಎಂದು ನೀವೇ ಕಾಯಿಲೆಗೆ ಹೆಸರಿಡಬೇಡಿ, ಎಷ್ಟು ದಿನದಿಂದ ಏನಾಗುತ್ತಿದೆ ಎಂದಷ್ಟೇ ಹೇಳಿ. ಎರಡು ವಾರ ಮಾತ್ರೆ ತಿಂದೂ ಕಡಿಮೆಯಾಗದಿದ್ದರೆ ಇಷ್ಟು ಕೇಳಿ: ‘ಡಾಕ್ಟ್ರೇ, ಇದು ಅಂಡಾಶಯದ ತೊಂದರೆ ಆಗಿರಬಹುದಾ? ಒಂದು ಸ್ಕ್ಯಾನಿಂಗ್ ಮಾಡಿಸುವುದಾ?’ ಹೀಗೆ ಕೇಳಿದರೆ ವೈದ್ಯರಿಗೆ ಅಗೌರವವಾಗುವುದಿಲ್ಲ.

ಮೊದಲ ಪರೀಕ್ಷೆಗಳು ಎರಡೇ: ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನಿಂಗ್, ‘ಸಿಎ-125’ ಎಂಬ ರಕ್ತಪರೀಕ್ಷೆ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗಿನಲ್ಲಿ ಅಂಡಾಶಯ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಸಂಕೋಚಕ್ಕೆ ಬೇಡವೆನ್ನಬೇಡಿ, ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳುವುದು ನಿಮ್ಮ ಹಕ್ಕು.

ಹೆಜ್ಜೆ 6: ವರದಿ ನೋಡಿ ಹೆದರಲೂ ಬೇಡಿ, ಮರೆಯಲೂ ಬೇಡಿ

ಸಿಎ-125 ಸಾಮಾನ್ಯವಾಗಿ 35ರ ಒಳಗಿರಬೇಕು. ಮುಟ್ಟಿನ ಸಮಯ, ಬಸಿರು, ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್, ಹೊಟ್ಟೆಯ ಕ್ಷಯ, ಇವುಗಳಲ್ಲೂ ಅದು ಏರುತ್ತದೆ. ಆರಂಭದ ಹಂತದ ಕ್ಯಾನ್ಸರಿನಲ್ಲಿ ಏರದೆಯೂ ಇರಬಹುದು. ಆದ್ದರಿಂದ ಲಕ್ಷಣವಿಲ್ಲದವರು ಪ್ಯಾಕೇಜ್ ತಪಾಸಣೆಯಲ್ಲಿ ಇದನ್ನು ಮಾಡಿಸಿ ನಿದ್ದೆಗೆಡಬೇಕಿಲ್ಲ. ಲಕ್ಷಣವಿದ್ದವರು ಸಂಖ್ಯೆ 35ರ ಒಳಗಿದೆಯೆಂದು ಸುಮ್ಮನಾಗಲೂಬಾರದು. ತೊಂದರೆ ಮುಂದುವರಿದರೆ ಮತ್ತೆ ಹೋಗಿ.

ಸ್ಕ್ಯಾನಿಂಗಿನಲ್ಲಿ ‘ಸಿಸ್ಟ್’ ಎಂದಿದ್ದರೆ ವಯಸ್ಸು ಮುಖ್ಯ. ಮುಟ್ಟಾಗುವ ವಯಸ್ಸಿನವರಲ್ಲಿ ಸಣ್ಣ ನೀರುಗುಳ್ಳೆಗಳು ಬಂದುಹೋಗುತ್ತಿರುತ್ತವೆ. ಮುಟ್ಟು ನಿಂತವರಲ್ಲಿ ಗಡ್ಡೆ ಕಂಡರೆ, ಗಡ್ಡೆಯೊಳಗೆ ಗಟ್ಟಿ ಭಾಗವಿದ್ದರೆ, ಎರಡೂ ಅಂಡಾಶಯದಲ್ಲಿದ್ದರೆ, ಹೊಟ್ಟೆಯಲ್ಲಿ ನೀರಿದ್ದರೆ ಕ್ಯಾನ್ಸರ್ ತಜ್ಞರು ನೋಡಬೇಕು. ಅನುಮಾನವಿರುವ ಗಡ್ಡೆಯನ್ನು ಸೂಜಿ ಚುಚ್ಚಿ ಖಾಲಿ ಮಾಡಿಸಬೇಡಿ. ಗಡ್ಡೆ ಒಡೆದರೆ ಒಳಗಿದ್ದ ಕ್ಯಾನ್ಸರ್ ಹೊಟ್ಟೆಯೆಲ್ಲ ಹರಡುವ ಅಪಾಯವಿದೆ. ಹೊಟ್ಟೆಯಲ್ಲಿ ನೀರಿದೆಯೆಂದು ಕ್ಷಯದ ಮಾತ್ರೆ ಶುರುಮಾಡುವುದಾದರೆ, ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಂಡಿದ್ದೀರಾ ಎಂದು ಕೇಳಿ.

ಹೆಜ್ಜೆ 7: ಮೊದಲ ಆಪರೇಷನ್ ಸರಿಯಾದ ಕೈಯಲ್ಲಿ ಆಗಲಿ

ಈ ಕ್ಯಾನ್ಸರಿನಲ್ಲಿ ಕಣ್ಣಿಗೆ ಕಾಣುವ ಗಡ್ಡೆಯನ್ನೆಲ್ಲ ಆಪರೇಷನ್ನಿನಲ್ಲಿ ತೆಗೆಯಲಾಯಿತೇ ಎಂಬುದರ ಮೇಲೆ ಮುಂದಿನ ಆಯುಷ್ಯ ಬಹುಪಾಲು ನಿಂತಿದೆ. ಹೆರಿಗೆ, ಗರ್ಭಕೋಶದ ಆಪರೇಷನ್ನಿನಲ್ಲಿ ಪಳಗಿದವರು ಬೇರೆ, ಹೆಂಗಸರ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲೇ ತರಬೇತಾದವರು ಬೇರೆ. ಈ ಎರಡನೆಯವರನ್ನು ಗೈನಿಕ್ ಆಂಕಾಲಜಿಸ್ಟ್ ಎನ್ನುತ್ತಾರೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಆವರಣದ ಶಿರಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆ ನಮಗೆ ಎಲ್ಲಕ್ಕಿಂತ ಹತ್ತಿರ. ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ. ಮುಂಬಯಿಯಲ್ಲಿ ಹೋಟೆಲು ನಡೆಸುವ ನೆಂಟರಿರುವವರು ಪರೇಲಿನ ಟಾಟಾ ಆಸ್ಪತ್ರೆಗೆ ಹೋಗುವುದೂ ಇದೆ.

ಚಿಕಿತ್ಸೆಯಲ್ಲಿ ಎರಡು ಭಾಗ, ಆಪರೇಷನ್ ಮತ್ತು ಕೀಮೊ. ಕೀಮೊ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಆರು ಸಲ. ಕಾಯಿಲೆ ಹರಡಿದ್ದರೆ ಮೊದಲು ಮೂರು ಕೀಮೊ ಕೊಟ್ಟು, ಗಡ್ಡೆ ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡುವುದೂ ಉಂಟು. ಆರು ತಿಂಗಳ ಓಡಾಟಕ್ಕೆ ಮನೆಯವರು ಮೊದಲೇ ಸರದಿ ಹಾಕಿಕೊಳ್ಳಲಿ. ಬೈಂದೂರಿನಿಂದ ಮಣಿಪಾಲಕ್ಕೆ ಹೋಗಿಬಂದರೆ ಹತ್ತಿರ ಹತ್ತಿರ 140 ಕಿಲೋಮೀಟರ್, ಕೀಮೊ ಆದ ದಿನ ಒಬ್ಬರೇ ಬಸ್ಸಿನಲ್ಲಿ ಬರುವ ದಾರಿಯಲ್ಲ.

ಹೆಜ್ಜೆ 8: ದುಡ್ಡಿನ ದಾರಿ ದಾಖಲಾಗುವ ಮೊದಲೇ ನೋಡಿಕೊಳ್ಳಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ, ತವರಿನ ಕಾರ್ಡಿನಲ್ಲೇ ಹೆಸರು ಉಳಿದಿದ್ದರೆ ಈಗಲೇ ಸರಿಪಡಿಸಿ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗುತ್ತದೆ. ಪತ್ರವಿಲ್ಲದೆ ದಾಖಲಾಗಿ ಆಮೇಲೆ ಪರದಾಡಬೇಡಿ. ಆಸ್ಪತ್ರೆಯಲ್ಲಿರುವ ‘ಆರೋಗ್ಯಮಿತ್ರ’ರನ್ನು ಮೊದಲು ಕಾಣಿ. ಸಹಕಾರಿ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯಲ್ಲಿ ಯಾವುದಕ್ಕೆಲ್ಲ ಅವಕಾಶವಿದೆಯೆಂದು ಕೇಳಿ. ಮಾಹಿತಿಗೆ 104ಕ್ಕೆ ಕರೆ ಮಾಡಬಹುದು. ರೈಲಿನಲ್ಲಿ ಹೋಗುವವರಿಗೆ ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ರಿಯಾಯಿತಿಯಿದೆ: ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ, ಜೊತೆಗಾರರಿಗೆ ಶೇ 75.

ಸಂಘ ಸಂಸ್ಥೆಗಳಿಗೆ ಒಂದು ಮಾತು

ಈ ಕಾಯಿಲೆಯ ಬಗ್ಗೆ ಮಾತು ಕಡಿಮೆಯೆಂಬ ಸಿಟ್ಟು ರೋಗಿಗಳ ಮನೆಯಲ್ಲಿದೆ, ಅದು ನ್ಯಾಯವಾದ ಸಿಟ್ಟು. ಮುಕ್ಕಾಲು ಪಾಲು ಹೆಂಗಸರಲ್ಲಿ ಇದು ಪತ್ತೆಯಾಗುವುದು ಹೊಟ್ಟೆಗೆಲ್ಲ ಹರಡಿದ ಮೇಲೆ. ಅಮೆರಿಕದ ಅಂಕಿಅಂಶದ ಪ್ರಕಾರ ಅಂಡಾಶಯದೊಳಗೇ ಇರುವಾಗ ಸಿಕ್ಕಿದರೆ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ, ದೂರಕ್ಕೆ ಹರಡಿದ ಮೇಲೆ ಮೂವರು. ಬದುಕಿ ಉಳಿದು ವೇದಿಕೆಯ ಮೇಲೆ ಅನುಭವ ಹೇಳುವವರು ಕಡಿಮೆ, ಆದ್ದರಿಂದಲೂ ಈ ಕಾಯಿಲೆಗೆ ದನಿಯಿಲ್ಲ. ಸ್ತನ ಕ್ಯಾನ್ಸರಿನ ಕಾರ್ಯಕ್ರಮ ಒಂದೂ ಕಡಿಮೆಯಾಗುವುದು ಬೇಡ. ಅದೇ ವೇದಿಕೆಯಲ್ಲಿ ಹತ್ತು ನಿಮಿಷ ಇದಕ್ಕೂ ಸಿಗಲಿ.

ಖರ್ಚಿನ ಪ್ರಶ್ನೆಯೇ ಇಲ್ಲ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಾಲ್ಕು ಲಕ್ಷಣ ಓದಿ ಹೇಳಬಹುದು. ಗೇರುಬೀಜದ ಕಾರ್ಖಾನೆಯಲ್ಲಿ, ಬೀಡಿ ಕೊಡುವ ಬ್ರಾಂಚಿನಲ್ಲಿ, ಗಂಗೊಳ್ಳಿಯ ಬಂದರಿನಲ್ಲಿ ಮೀನು ಮಾರುವ ಹೆಂಗಸರ ಕಣ್ಣಿಗೆ ಬೀಳುವಲ್ಲಿ ಒಂದು ಹಾಳೆ ಅಂಟಿಸಬಹುದು. ಮಹಿಳಾ ಗ್ರಾಮಸಭೆಯಲ್ಲಿ ವೈದ್ಯಾಧಿಕಾರಿಯವರನ್ನು ಈ ವಿಷಯವೂ ಮಾತಾಡಿ ಎಂದು ಕೇಳಬಹುದು. ಆಶಾ ಕಾರ್ಯಕರ್ತೆಯರ ಮನೆಭೇಟಿಯಲ್ಲಿ ಬಿಪಿ, ಶುಗರಿನ ಜೊತೆ ‘ಹೊಟ್ಟೆ ಉಬ್ಬರ ಎಷ್ಟು ದಿನದಿಂದ?’ ಎಂಬ ಒಂದು ಪ್ರಶ್ನೆ ಸೇರಲಿ.

ಮುಂದಿನ ಮೇ 8ರಂದು ನಿಮ್ಮೂರಿನಲ್ಲಿ ಸಭೆ ನಡೆಯದಿದ್ದರೂ ಪರವಾಗಿಲ್ಲ. ನಿಮ್ಮ ಮನೆಯ, ಅಕ್ಕಪಕ್ಕದ, 45 ದಾಟಿದ ಹೆಂಗಸರಿಗೆ ಈ ನಾಲ್ಕು ಲಕ್ಷಣವನ್ನು ಇಂದೇ ಹೇಳಿ, ಮೇ ತಿಂಗಳಿಗೆ ಕಾಯಬೇಡಿ.