ವಿಂಡೋಸ್ ಬದಲಾದ ಮೇಲೆ ಹ್ಯಾಂಗ್: ಫಾರ್ಮ್ಯಾಟ್‌ಗೂ ಮುನ್ನ ಇಷ್ಟು ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಲೆಕ್ಕದ ಕೋಣೆ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿ, ಗ್ರಾಮ ಒನ್ ಕೇಂದ್ರ, ಡಿಟಿಪಿ ಅಂಗಡಿ ಎಲ್ಲ ಕಡೆಯೂ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಿದವರಿದ್ದಾರೆ. ಬೆನ್ನಿಗೇ ದೂರು: ‘ಅಪ್‌ಗ್ರೇಡ್ ಮಾಡಿಸಿದಾಗ್ಲಿಂದ ಸಿಸ್ಟಮ್ ಹ್ಯಾಂಗ್ ಆಗ್ತೈತೆ ಸಾರ್.’ ಅದಕ್ಕೆ ಸಿಗುವ ಉತ್ತರ: ‘ಫಾರ್ಮ್ಯಾಟ್ ಹೊಡೆದುಬಿಡೋಣ.’ ಬೇಡ. ಫಾರ್ಮ್ಯಾಟ್ ಕೊನೆಯ ಮದ್ದು, ಮೊದಲನೆಯದಲ್ಲ.

1. ಡೇಟಾ ಎತ್ತಿಡಿ

ಯಂತ್ರ ನಡುನಡುವೆಯಾದರೂ ಓಡುತ್ತಿರುವಾಗಲೇ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ‘ನಮ್ಮದೆಲ್ಲ ಡಿ ಡ್ರೈವ್‌ನಲ್ಲಿದೆ’ ಎಂಬ ಮಾತನ್ನು ನಂಬಬೇಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಟ್ಯಾಲಿ ಡೇಟಾ ಯಾವ ಫೋಲ್ಡರಿನಲ್ಲಿದೆ ಎಂದು ಟ್ಯಾಲಿಯಲ್ಲಿ ಕಂಪನಿ ಆರಿಸುವಾಗಲೇ ಕಾಣುತ್ತದೆ. ಆ ಫೋಲ್ಡರನ್ನು ಪೂರ್ತಿ ತೆಗೆದಿಡಿ. ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಫಾಂಟ್‌ಗಳನ್ನೂ ಜೊತೆಗಿಟ್ಟುಕೊಳ್ಳಿ. ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ.

2. ಹತ್ತು ದಿನದ ಗಡುವು ಮರೆಯಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದಾಗ ಹಳೆಯದು ಅಳಿಸಿಹೋಗುವುದಿಲ್ಲ. ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಕೂತಿರುತ್ತದೆ. ಅಪ್‌ಗ್ರೇಡ್ ಆದ 10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ದಾರಿಯಲ್ಲಿ ಹೋಗಿ ‘ಗೋ ಬ್ಯಾಕ್’ ಒತ್ತಿದರೆ ಹಳೇ ವಿಂಡೋಸ್ ವಾಪಸು ಬರುತ್ತದೆ. ನಿಮ್ಮ ಫೈಲುಗಳು ಉಳಿಯುತ್ತವೆ. ಅಪ್‌ಗ್ರೇಡ್ ನಂತರ ಹಾಕಿದ ಪ್ರೋಗ್ರಾಮ್‌ಗಳು ಮಾತ್ರ ಹೋಗುತ್ತವೆ.

ನಮ್ಮವರು ಏನು ಮಾಡುತ್ತಾರೆ? ‘ಹೊಸದು, ನಾಲ್ಕು ದಿನ ಓಡಿದರೆ ಸರಿಹೋಗುತ್ತೆ’ ಎಂದು ಕಾಯುತ್ತಾರೆ. ಹನ್ನೊಂದನೇ ದಿನ ರಿಪೇರಿಗೆ ಒಯ್ಯುತ್ತಾರೆ. ಅಷ್ಟರಲ್ಲಿ ಆ ಬಟನ್ ಕೆಲಸ ಮಾಡುವುದಿಲ್ಲ. ಇನ್ನು ಕೆಲವರು ಮೊದಲ ದಿನವೇ ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್‌ನಲ್ಲಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್’ಗೆ ಟಿಕ್ ಹಾಕಿ, ವಾಪಸು ಬರುವ ದಾರಿಯನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ಕ್ಲೀನರ್ ಆ್ಯಪ್‌ಗಳ ಕತೆಯೂ ಇದೇ. ಹಾಗಾಗಿ ಅಪ್‌ಗ್ರೇಡ್ ಆದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿ. ಕೆಳಗಿನ ಹಂತಗಳನ್ನೆಲ್ಲ ಒಂದು ವಾರದಲ್ಲಿ ಮುಗಿಸಿ. ಸರಿಹೋಗದಿದ್ದರೆ ಎಂಟನೇ ದಿನ ವಾಪಸು ಹೋಗಿ. ಹಳೆಯದಕ್ಕೆ ಮರಳಿದರೆ ನಾಚಿಕೆಯೇನಿಲ್ಲ. ಮನೆ ಬಳಕೆಯ ವಿಂಡೋಸ್ 10ಕ್ಕೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ.

3. ಯಾವ ಬಗೆಯ ಹ್ಯಾಂಗ್?

ಪರದೆ ನಿಂತಾಗ ಕೀಬೋರ್ಡಿನ ನಮ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ವಿಂಡೋಸ್ ಇನ್ನೂ ಜೀವಂತವಾಗಿದೆ, ಎಲ್ಲೋ ಸಿಕ್ಕಿಕೊಂಡಿದೆ ಅಷ್ಟೇ. ದೀಪ ಅಲ್ಲಾಡದಿದ್ದರೆ ಡ್ರೈವರ್, ರ‍್ಯಾಮ್, ಬಿಸಿ ಅಥವಾ ಕರೆಂಟಿನ ಕಡೆ ಅನುಮಾನಪಡಿ. ದೀಪ ಹತ್ತುತ್ತಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಶುರು ಮಾಡುತ್ತದೆ. ಪರದೆ ಒಮ್ಮೆ ಮಿನುಗಿ ಕೆಲಸ ಮುಂದುವರಿದರೆ ಕಳ್ಳ ಸಿಕ್ಕಂತೆ: ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಕರ ಜಾಲತಾಣದಿಂದಲೇ ಡ್ರೈವರ್ ತಂದು ಹಾಕಿ. ‘ಡ್ರೈವರ್ ಅಪ್‌ಡೇಟರ್’ ಎಂಬ ಪುಕ್ಕಟೆ ಆ್ಯಪ್‌ಗಳ ಸಹವಾಸ ಬೇಡ.

4. ಡಿಸ್ಕ್ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಂಪ್ಯೂಟರ್ ಆನ್ ಮಾಡಿ ಅರ್ಧ ಗಂಟೆಯಾದರೂ, ಕೆಲಸವೇನೂ ಇಲ್ಲದಿದ್ದರೂ ಡಿಸ್ಕ್ 100 ಪರ್ಸೆಂಟಿನಲ್ಲೇ ನಿಂತಿದ್ದರೆ ಹಳೇ ಹಾರ್ಡ್‌ಡಿಸ್ಕ್‌ಗೆ ಭಾರ ಹೆಚ್ಚಾಗಿದೆ ಅಥವಾ ಅದು ಕೆಡುತ್ತಿದೆ. ಅಪ್‌ಗ್ರೇಡ್ ಆದ ಮೊದಲ ದಿನ ಅಪ್‌ಡೇಟ್, ಇಂಡೆಕ್ಸ್ ಕೆಲಸ ನಡೆಯುತ್ತಿರುತ್ತದೆ. ಆ ದಿನದ ನಿಧಾನ ಲೆಕ್ಕಕ್ಕಿಲ್ಲ. ಆಮೇಲೂ ಹಾಗೇ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಸಾಕೆಂದು ಬರೆದಿದೆ. ಅಷ್ಟರಲ್ಲಿ ಟ್ಯಾಲಿ, ಬ್ರೌಸರ್ ಎರಡನ್ನೂ ತೆರೆದು ನೋಡಿದವರಿಗೆ ಗೊತ್ತು, 8 ಇಲ್ಲದೆ ನೆಮ್ಮದಿಯಿಲ್ಲ.

ಇಂಟೆಲ್ ಪ್ರೊಸೆಸರ್ ಎಂಟನೇ ತಲೆಮಾರಿಗಿಂತ ಹಳೆಯದಾದರೆ ಅದು ಬಹುತೇಕ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಈ ಷರತ್ತನ್ನು ಬೈಪಾಸ್ ಮಾಡಿ 11 ಹಾಕಿಕೊಟ್ಟಿದ್ದರೆ, ಹ್ಯಾಂಗ್ ಆಗುವುದಕ್ಕೆ ಬೇರೆ ಕಾರಣ ಹುಡುಕುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.

5. ಒಂದೊಂದೇ ಕಳಚಿ

ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ಪೆನ್‌ಡ್ರೈವ್ ಎಲ್ಲ ಬಿಚ್ಚಿ, ಮೌಸ್ ಕೀಬೋರ್ಡ್ ಮಾತ್ರ ಬಿಟ್ಟು ಅರ್ಧ ದಿನ ಓಡಿಸಿ. ಹ್ಯಾಂಗ್ ಆಗದಿದ್ದರೆ ಒಂದೊಂದಾಗಿ ಜೋಡಿಸಿ. ಬೆರಳಚ್ಚು ಯಂತ್ರದ ಆರ್‌ಡಿ ಸರ್ವೀಸ್ ಹಳೆಯದಿದ್ದರೆ ತೆಗೆದು ಹೊಸದು ಹಾಕಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ಕಿತ್ತುಹಾಕಿ. ಆಮೇಲೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್‌ನಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಕೀಬೋರ್ಡ್ ಪ್ರೋಗ್ರಾಮ್‌ಗಳನ್ನೂ, ನುಡಿಯನ್ನೂ ಸೇರಿಸಿ, ಒಂದು ದಿನ ನಿಲ್ಲಿಸಿ ನೋಡಿ.

6. ದಾಖಲೆ ಓದಿ, ಫೈಲ್ ಸರಿಪಡಿಸಿ

ಸರ್ಚ್‌ನಲ್ಲಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ದಿನವಾರು ಪಟ್ಟಿ ಸಿಗುತ್ತದೆ. ಕೆಂಪು ಗುರುತಿನ ದಿನಗಳಲ್ಲಿ ಒಂದೇ ಪ್ರೋಗ್ರಾಮಿನ ಹೆಸರು ಮರುಕಳಿಸಿದರೆ ಅಲ್ಲಿಂದ ಹಿಡಿಯಿರಿ. ಬಳಿಕ ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿ ತೆರೆದು, ಎಸ್‌ಎಫ್‌ಸಿ, ಒಂದು ಸ್ಪೇಸ್, ಓರೆಗೆರೆ, ಅದಕ್ಕೆ ತಾಗಿ ಸ್ಕ್ಯಾನ್‌ನೌ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಎಂಟರ್ ಒತ್ತಿ. ಮಧ್ಯೆ ಕರೆಂಟ್ ಹೋಗದಂತೆ ಯುಪಿಎಸ್ ಇರಲಿ.

ಉಳಿದದ್ದು ಚುಟುಕಾಗಿ

ಬಯಲುಸೀಮೆಯ ಧೂಳು ಫ್ಯಾನಿಗೆ ಕಟ್ಟಿರುತ್ತದೆ. ಕವಚ ಬಿಚ್ಚಿ ಬ್ಲೋವರ್ ಹೊಡೆಸಿ. ರ‍್ಯಾಮ್ ಪರೀಕ್ಷೆಗೆ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಸಾಕು. ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ನಿಮ್ಮದೇ ಡಿಸ್ಕ್ ನಿಮಗೆ ತೆರೆಯದು. ಇಷ್ಟಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್ ಮಾಡಿಸಿ. ಅದಕ್ಕೂ ಮುನ್ನ ಬ್ಯಾಕಪ್‌ನಿಂದ ಒಂದು ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.