ನಿನ್ನ ಪ್ರೊಫೈಲ್ ಓದಿದೆ, ಮಗೂ

ನೀನು ಕಳಿಸಿದ ಲಿಂಕ್ಡ್‌ಇನ್ ಪ್ರೊಫೈಲನ್ನು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಉತ್ಸಾಹಿ, ಪರಿಶ್ರಮಿ, ತಂಡದಲ್ಲಿ ಬೆರೆಯುವ ಸ್ವಭಾವ ಎಂದೆಲ್ಲ ಬರೆದಿದ್ದೀಯ. ಯಾವುದೂ ಸುಳ್ಳಲ್ಲ. ಆದರೆ ಅದರಲ್ಲಿ ನೀನು ಎಲ್ಲೂ ಸಿಗಲಿಲ್ಲ. ಪಕ್ಕದ ಮನೆಯ ಹುಡುಗನ ಹೆಸರು ಹಾಕಿದರೂ ಹಾಗೇ ಒಪ್ಪುತ್ತದೆ. ದೀಪಾವಳಿಗೆ ಬಂದಾಗ ಊಟಕ್ಕೆ ಕೂತು ಹೇಳಿದ್ದೆಯಲ್ಲ, ಸಂಬಳದ ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ ತಿಂಗಳ ನಡುವೆ ಕೆಲಸಕ್ಕೆ ಸೇರಿದವರಿಗೆ ಒಂದು ದಿನದ ಸಂಬಳ ಕಡಿಮೆ ಬೀಳುತ್ತಿತ್ತು, ಅದು ಗ್ರಾಹಕರ ಕೈಗೆ ಹೋಗುವ ಎರಡು ದಿನ ಮೊದಲು ನೀನು ಹಿಡಿದೆ ಅಂತ. ಆ ಮಾತು ಎಲ್ಲಿ ಹೋಯಿತು? ಅದನ್ನು ಮೊದಲ ಸಾಲಿಗೆ ತಾ.

ನೀವು ಪರ್ಸನಲ್ ಬ್ರ್ಯಾಂಡ್ ಅನ್ನುವುದನ್ನು ನಾವು ಹೆಸರು ಅನ್ನುತ್ತಿದ್ದೆವು. ಬ್ಯಾಂಕಿನಲ್ಲಿ ನನಗೆ ಅದನ್ನು ತೂಗುವುದೇ ಕೆಲಸವಾಗಿತ್ತು. ಈಗ ಸಾಲ ಕೊಡುವವರ ಮುಂದೆ 300ರಿಂದ 900ರೊಳಗಿನ ಸಿಬಿಲ್ ಅಂಕ ಇರುತ್ತದೆ. ಆಗ ಅದಿರಲಿಲ್ಲ. ಸಾಲ ಕೇಳಿ ಬಂದ ವ್ಯಾಪಾರಿಯ ಬಗ್ಗೆ ಮಂಡಿಯಲ್ಲಿ, ಅವನಿಗೆ ಸರಕು ಕೊಡುವ ಅಂಗಡಿಗಳಲ್ಲಿ ವಿಚಾರಿಸಿ ಅಭಿಪ್ರಾಯ ವರದಿ ಬರೆಯುತ್ತಿದ್ದೆವು. ‘ಬಹಳ ಒಳ್ಳೆಯ ಮನುಷ್ಯ’ ಎಂದು ಯಾರಾದರೂ ಹೇಳಿದರೆ ನನ್ನ ಪೆನ್ನು ಏಳುತ್ತಿರಲಿಲ್ಲ. ‘ಅಡಿಕೆ ದರ ಬಿದ್ದ ವರ್ಷ ದುಡ್ಡು ಕೊಡುವುದು ತಡವಾಯಿತು ಸಾರ್, ಆದರೆ ವಾಯಿದೆಗೆ ಎಂಟು ದಿನ ಇರುವಾಗಲೇ ತಾನಾಗಿ ಬಂದು ಹೇಳಿ ಹೋದ’ ಎಂದರೆ ಬರೆದುಕೊಳ್ಳುತ್ತಿದ್ದೆ. ಅಂಥವನಿಗೆ ಸಾಲ ಕೊಟ್ಟು ನಾನು ಕೆಟ್ಟ ನೆನಪಿಲ್ಲ. ಎಲ್ಲ ಸರಿಯಿದ್ದಾಗ ಸರಿಯಾಗಿ ನಡೆದುಕೊಂಡದ್ದನ್ನು ಜನ ನೆನಪಿಡುವುದಿಲ್ಲ. ಕೈ ಕಟ್ಟಿದಾಗ ನೀನು ಎದುರಿಗೆ ಬಂದೆಯೋ, ಫೋನ್ ಎತ್ತದೆ ಕೂತೆಯೋ ಎಂಬುದು ಮಾತ್ರ ಹತ್ತು ವರ್ಷವಾದರೂ ಮರೆಯುವುದಿಲ್ಲ.

ಇನ್ನೊಂದು ಸಂಗತಿ ಹೇಳಬೇಕು, ನನಗೆ ಇವತ್ತಿಗೂ ಚುಚ್ಚುವಂಥದು. ಪಿಗ್ಮಿ ಠೇವಣಿ ನಿನಗೆ ಗೊತ್ತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರುಮಾಡಿದ್ದು, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವ ಪದ್ಧತಿ. ಆಮೇಲೆ ಬೇರೆ ಬ್ಯಾಂಕುಗಳೂ ಹಿಡಿದವು. ನಮ್ಮ ಶಾಖೆಯ ಪಿಗ್ಮಿ ಏಜೆಂಟರು ಮಳೆ ಬರಲಿ, ಜಾತ್ರೆ ಇರಲಿ, ಅದೇ ಹೊತ್ತಿಗೆ ಅದೇ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸುತ್ತಿದ್ದರು. ಹೂವಿನವಳು ಅವರಿಗಾಗಿ ಚಿಲ್ಲರೆ ಎಣಿಸಿ ಬೇರೆ ಇಟ್ಟಿರುತ್ತಿದ್ದಳು. ಒಂದು ವರ್ಷ ಶಾಖೆಯ ಠೇವಣಿ ಚೆನ್ನಾಗಿ ಏರಿತು, ಅರ್ಧಕ್ಕರ್ಧ ಅವರ ದುಡಿಮೆ. ವಲಯ ಕಚೇರಿಯ ಸಭೆಯಲ್ಲಿ ಚಪ್ಪಾಳೆ ಬಿದ್ದಾಗ ನಾನು ಅವರ ಹೆಸರು ಎತ್ತಲಿಲ್ಲ. ಸುದ್ದಿ ಹೇಗೋ ಅವರಿಗೆ ಮುಟ್ಟಿತು. ಜಗಳವಾಡಲಿಲ್ಲ. ಅಲ್ಲಿಯವರೆಗೆ ಸಂಜೆ ಹಣ ಕಟ್ಟಿ ನನ್ನ ಮೇಜಿನ ಮುಂದೆ ಕೂತು, ಯಾವ ಅಂಗಡಿಗೆ ಕಷ್ಟ ಬಂದಿದೆ, ಯಾರ ಮನೆಯಲ್ಲಿ ಪಾಲಾಗುತ್ತಿದೆ ಎಂದು ಊರೆಲ್ಲ ಹೇಳುತ್ತಿದ್ದವರು, ಆ ದಿನದಿಂದ ಪಟ್ಟಿ ಕೊಟ್ಟು ಎದ್ದು ಹೋಗತೊಡಗಿದರು. ಮ್ಯಾನೇಜರನ ಕಣ್ಣು ಕಿವಿ ಅವರೇ ಆಗಿದ್ದರು. ಮುಂದೆ ನಾನು ಕೊಟ್ಟ ಎರಡು ಸಾಲ ಮುಳುಗಿದವು. ಅವರು ಮೊದಲಿನಂತೆ ಕೂತು ಮಾತಾಡುತ್ತಿದ್ದರೆ ಕೊಡುತ್ತಿರಲಿಲ್ಲ.

2018ರಲ್ಲಿ ನಮ್ಮ ಹುಡುಗರು 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ಕೋಚ್ ರಾಹುಲ್ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತ್ತು. ಈ ತಾರತಮ್ಯ ಬೇಡ, ಎಲ್ಲರಿಗೂ ಸಮನಾಗಿ ಕೊಡಿ ಎಂದರು ದ್ರಾವಿಡ್. ಕೊನೆಗೆ ಅವರೂ ಸೇರಿ ಎಲ್ಲರಿಗೂ 25 ಲಕ್ಷವಾಯಿತು. ಪತ್ರಿಕೆಯಲ್ಲಿ ಅದನ್ನು ಓದಿದ ಬೆಳಿಗ್ಗೆ ನನಗೆ ಆ ಸೈಕಲ್ ನೆನಪಾಯಿತು. ಆದ್ದರಿಂದ ಸಂಬಳದ ಲೆಕ್ಕದ ವಿಷಯ ಬರೆಯುವಾಗ, ರಾತ್ರಿ ಹನ್ನೊಂದರವರೆಗೆ ನಿನ್ನ ಜೊತೆ ಕೂತ ಆ ಹುಡುಗಿಯ ಹೆಸರನ್ನೂ ಅವಳನ್ನು ಕೇಳಿ ಸೇರಿಸು.

ದಿನಾ ಏನಾದರೂ ಪೋಸ್ಟ್ ಹಾಕಬೇಕೇ ಎಂದು ನೀನು ಕೇಳಿದ್ದೆ. ಬೇಡ. ತಿಂಗಳಿಗೊಮ್ಮೆ, ಕಲಿತದ್ದೇನಾದರೂ ಇದ್ದರೆ ಬರಿ. ಗ್ರಾಹಕರ ಗುಟ್ಟು ಅದರಲ್ಲಿ ಇಣುಕದಿರಲಿ. ಹೆಸರು ಮಾತ್ರ ಕೇಳಿ ಗೊತ್ತಿರುವ ತಂತ್ರಜ್ಞಾನಗಳನ್ನು ಪಟ್ಟಿಯಿಂದ ತೆಗೆ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ, ಆಮೇಲೆ ನಿಜವಾಗಿ ಗೊತ್ತಿರುವುದನ್ನೂ ನಂಬುವುದಿಲ್ಲ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೋ: ಯಾವ ದಿನ ಏನು ಮಾಡಿದೆ, ಯಾರು ನೆರವಾದರು, ಎಲ್ಲಿ ಎಡವಿದೆ. ವರ್ಷದ ಕೊನೆಗೆ ಅಪ್ರೈಸಲ್ ಬಂದಾಗ ತಡಕಾಡುವುದು ತಪ್ಪುತ್ತದೆ.

ಮೊನ್ನೆ ಫೋನಿನಲ್ಲಿ, ಸೋಮವಾರ ಕೊಡಬೇಕಾದ ಕೆಲಸ ಬುಧವಾರಕ್ಕೆ ಹೋಗುವ ಹಾಗಿದೆ, ಇನ್ನೂ ಯಾರಿಗೂ ಹೇಳಿಲ್ಲ ಎಂದೆಯಲ್ಲ? ಇವತ್ತು ಶುಕ್ರವಾರ. ಆಫೀಸು ಮುಚ್ಚುವ ಮೊದಲು ನಿಮ್ಮ ಮ್ಯಾನೇಜರಿಗೆ ಹೇಳು, ಎಷ್ಟು ಮುಗಿದಿದೆ, ಎಷ್ಟು ಉಳಿದಿದೆ ಎಂದು ಬರೆದೂ ಕೊಡು. ಪ್ರೊಫೈಲ್ ನಾಳೆ ತಿದ್ದೋಣ.