ಬಸುರಿಯ ಬಾಯಿಗೂ ಬೇಕು ಆರೈಕೆ

ಹಲ್ಲುಜ್ಜುವಾಗ ಬ್ರಷ್ಷಿಗೆ ರಕ್ತ ಹತ್ತಿದರೆ ‘ಬಸುರಲ್ಲಿ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗಬೇಡಿ. ಹಾರ್ಮೋನುಗಳ ಏರಿಕೆಯಿಂದ ಒಸಡು ಬೇಗ ಊದಿಕೊಳ್ಳುತ್ತದೆ. ಅಲ್ಲಿ ಬೀಡುಬಿಟ್ಟ ಫ್ಯೂಸೋಬ್ಯಾಕ್ಟೀರಿಯಂನಂಥ ಬ್ಯಾಕ್ಟೀರಿಯಾ ರಕ್ತದ ಜೊತೆ ಸಾಗಿ ಗರ್ಭಕೋಶ ಸೇರಬಲ್ಲದು. ಅವಧಿಗೆ ಮೊದಲೇ ಹೆರಿಗೆಯಾದ ಕೆಲವರ ಗರ್ಭದ ನೀರಿನಲ್ಲಿ ಅದು ಸಿಕ್ಕಿದ್ದೂ ಉಂಟು. 37 ವಾರ ತುಂಬುವ ಮುನ್ನವೇ ಹೆರಿಗೆ, 2.5 ಕೆ.ಜಿ.ಗಿಂತ ಕಡಿಮೆ ತೂಕದ ಮಗು, ಇವಕ್ಕೂ ಒಸಡಿನ ಕಾಯಿಲೆಗೂ ನಂಟು ಕಂಡಿದೆ.

ಗಾಬರಿ ಬೇಡ, ಎಲ್ಲರಿಗೂ ಹೀಗಾಗುವುದಿಲ್ಲ. ಬಸುರಿನಲ್ಲಿ ಒಸಡಿಗೆ ಚಿಕಿತ್ಸೆ ಮಾಡಿಸಿದ ಮಾತ್ರಕ್ಕೆ ಅವಧಿಪೂರ್ವ ಹೆರಿಗೆ ತಪ್ಪುತ್ತದೆಂದು ದೊಡ್ಡ ಅಧ್ಯಯನಗಳೂ ಹೇಳಿಲ್ಲ. ಹಾಗಾಗಿ ಮಗು ಬೇಕೆಂದುಕೊಂಡಾಗಲೇ ದಂತವೈದ್ಯರನ್ನು ಕಾಣುವುದು ಜಾಣತನ. ಈಗಾಗಲೇ ಬಸುರಿಯೇ? ಕ್ಲೀನಿಂಗ್‌ಗೆ ಹೆದರಬೇಡಿ, ಅದು ಸುರಕ್ಷಿತ. ನಾಲ್ಕರಿಂದ ಆರನೇ ತಿಂಗಳು ಹೆಚ್ಚು ಅನುಕೂಲ. ವಾಂತಿಯಾದ ಕೂಡಲೇ ಬ್ರಷ್ ಹಿಡಿಯದೆ, ಮೊದಲು ನೀರಲ್ಲಿ ಬಾಯಿ ಮುಕ್ಕಳಿಸಿ.